ಎರಡು ಸಲ ಊಟಕ್ಕೆ ಬಂದ ಹುಡುಗಿ

ಕಾಲೇಜು ಹಾಸ್ಟೆಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಊಟ ಬಡಿಸುತ್ತಿದ್ದವಳಿಗೆ ಮಕ್ಕಳು ಇಟ್ಟ ಹೆಸರು ಸೌಟಮ್ಮ. ಗಂಡ ಸತ್ತ ಮೇಲೆ ಹಿಡಿದ ಸೌಟು ಅದು. ಬಾಯಿ ಬೆಂಕಿ, ಕೈ ಧಾರಾಳ. ಒಂದು ತಗಡಿನ ಬಿಲ್ಲೆಗೆ ಒಂದು ಊಟ. ಬಿಲ್ಲೆ ಕಳೆಯಿತೆಂದು ಎರಡನೇ ಸಲ ತಟ್ಟೆ ಒಡ್ಡುವ ಕಳ್ಳಾಟಗಳನ್ನೆಲ್ಲ ಅವಳು ಅರೆದು ಕುಡಿದಿದ್ದಳು.

ಅವತ್ತು ಮಧ್ಯಾಹ್ನ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಹುಡುಗಿ ಉಂಡು ಹೋದಳು. ಹತ್ತೇ ನಿಮಿಷಕ್ಕೆ ಮತ್ತೆ ತಟ್ಟೆ ಹಿಡಿದು ನಿಂತಳು.

"ಅಕ್ಕ, ಬಿಲ್ಲೆ ಎಲ್ಲೋ ಬಿತ್ತು."

"ಎಲ್ಲೋ ಅಲ್ಲ, ನನ್ನ ಡಬ್ಬದಲ್ಲೇ ಬಿತ್ತು. ಹೊಟ್ಟೆನೋ ಕಣಜಾನೋ ನಿಂದು?"

ಸಾಲಿಗೆ ಸಾಲೇ ನಕ್ಕಿತು.

"ನಾನಿನ್ನೂ ಊಟಾನೇ ಮಾಡಿಲ್ಲ ಅಕ್ಕ."

ಹುಡುಗಿ ನಗಲಿಲ್ಲ. ಕಿಟಕಿಯ ಬೆಳಕಿಗೆ ಕಣ್ಣು ಕಿರಿದು ಮಾಡಿ, ಮೇಜಿನ ಅಂಚು ಹಿಡಿದುಕೊಂಡಿದ್ದಳು. ಅಂಗಿಯ ಮೇಲೆ ಚೆಲ್ಲಿದ ಮೊಸರು ಇನ್ನೂ ಒಣಗಿರಲಿಲ್ಲ. ಸೌಟಮ್ಮನ ಕೈ ನಿಂತಿತು. ಇದು ಕಳ್ಳಾಟವಲ್ಲ.

"ಏನಾಯ್ತೇ ಇವಳಿಗೆ?" ಎಂದು ಹಿಂದಿದ್ದ ಗೆಳತಿಯನ್ನು ಗದರಿದಳು.

"ಬೆಳಗ್ಗೆ ಗೋಲ್ ಕಂಬಕ್ಕೆ ತಲೆ ಬಡೀತು. ಆಮೇಲೆ ವಾಂತಿನೂ ಆಯ್ತು. ಕೋಚ್ ಸರ್ ಏನೂ ಆಗಿಲ್ಲ, ನಾಲ್ಕು ಗಂಟೆಗೆ ಫೈನಲ್ ಆಡ್ಬಹುದು ಅಂದ್ರು."

ಆ ಮಹಾಶಯ ಅಲ್ಲೇ ಮೂಲೆಯಲ್ಲಿ ಉಣ್ಣುತ್ತಿದ್ದ. "ರಕ್ತ ಬಂದಿಲ್ಲ, ಪ್ರಜ್ಞೆ ತಪ್ಪಿಲ್ಲ. ನೀನು ಬಡಿಸೋ ಕೆಲಸ ನೋಡಮ್ಮ," ಎಂದ.

"ಹೊರಗೆ ಚೆನ್ನಾಗಿರೋ ಕುಂಬಳಕಾಯಿ ಒಳಗೆ ಕೊಳೆತಿರೋದನ್ನ ಎಷ್ಟು ನೋಡಿಲ್ಲ ನಾನು. ನಿಮ್ಮ ಮಗಳಾಗಿದ್ರೆ ಆಡಿಸ್ತಿದ್ರಾ ಸ್ವಾಮಿ?"

ಅವನು ಅನ್ನ ಕಲಸುತ್ತ ಕೂತ. ಕಂಡವರ ಮಕ್ಕಳ ತಲೆ ತಾನೇ, ಅವನಪ್ಪನ ಗಂಟೇನು ಹೋಗಬೇಕು?

ಅರ್ಧ ಸಾಲು ಹಸಿದಿರುವಾಗಲೇ ಸೌಟಮ್ಮ ಸೌಟು ಬಿಸಾಡಿದಳು. "ನೀವೇ ಬಡಿಸ್ಕೊಳ್ರೇ," ಎಂದು ಹುಡುಗಿಯನ್ನು ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದೊಯ್ದಳು. ದಾರಿಯುದ್ದಕ್ಕೂ ಅವಳು ಶಪಿಸಿದ್ದು ತನ್ನನ್ನೇ. ಪೆಟ್ಟು ತಿಂದ ಕೂಸನ್ನು ಹಿಡಿದು ಊರೆಲ್ಲ ನಗುವಂತೆ ಮಾಡಿದೆನಲ್ಲ.

ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟರು. ಐದು ಪದ ಹೇಳಿ ಸ್ವಲ್ಪ ಹೊತ್ತಾದ ಮೇಲೆ ಕೇಳಿದರೆ ಹುಡುಗಿಗೆ ಒಂದೇ ನೆನಪಿತ್ತು.

"ಮೆದುಳು ಅಲುಗಿದೆ. ಕನ್ಕಷನ್ ಅಂತೀವಿ. ಈ ಸ್ಥಿತೀಲಿ ಇನ್ನೊಂದು ಪೆಟ್ಟು ಬಿದ್ರೆ ಜೀವಕ್ಕೇ ಕುತ್ತು. ಇವತ್ತು ವಾರ್ಡಲ್ಲೇ ಇರ್ಲಿ, ನಾವು ಹೇಳೋವರೆಗೂ ಮೈದಾನಕ್ಕೆ ಕಾಲಿಡೋ ಹಾಗಿಲ್ಲ."

ಹುಡುಗಿ ಅತ್ತಳು. "ಮೂರು ವರ್ಷದಿಂದ ಕಾಯ್ತಿದ್ದೆ. ನಿಮ್ಮಿಂದ ಫೈನಲ್ ಹೋಯ್ತು. ಜನ್ಮದಲ್ಲಿ ನಿಮ್ಮನ್ನ ಮಾತಾಡ್ಸಲ್ಲ."

"ಬೇಡ ಬಿಡು. ಹಾಗಂದಿದ್ದು ನಾಳೆಗೂ ನೆನಪಿಟ್ಕೋ, ನಂಗಷ್ಟೇ ಸಾಕು."

ಸೌಟಮ್ಮ ವಾರ್ಡಿನ ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿ ಕೂತಳು. ನಾಲ್ಕಕ್ಕೆ ಇನ್ನೂ ಒಂದು ಗಂಟೆ ಇತ್ತು. ಕರೆದುಕೊಂಡು ಹೋಗಲು ಆ ಕೋಚು ಬರುವುದಿದ್ದರೆ ಬರಲಿ.