ಬಿದ್ದ ಗಾಡಿಯ ಅಚ್ಚು

ಖಾದರ, ಆ ಅಚ್ಚನ್ನು ನಾನು ರಾಯಚೂರಿನ ಗುಜರಿಯಿಂದ ತಂದಿರಲಿಲ್ಲ. ಮಸ್ಕಿಯ ಹಳ್ಳದಲ್ಲಿ ಉರುಳಿ, ಒಳಗಿದ್ದ ಸಾಹುಕಾರರ ಜೀವ ತೆಗೆದ ಕಾರಿನಿಂದ ಬಿಚ್ಚಿಸಿ ತಂದಿದ್ದೆ. ನಿನಗೆ ಸುಳ್ಳು ಹೇಳಿದೆ. ಅದರ ಬೆಲೆಯನ್ನು ನೀನು ತೆತ್ತೆ.

ನಿಜಾಮರ ಆಳ್ವಿಕೆ ಮುಗಿದು ಆಗ ನಾಲ್ಕೈದು ವರ್ಷ. ನಮ್ಮ ಊರುಗಳಲ್ಲಿ ಹಿಂದೂ ಮುಸಲ್ಮಾನರ ನಡುವೆ ಮುರಿದ ಮಾತು ಇನ್ನೂ ಕೂಡಿರಲಿಲ್ಲ. ಜಾಗೀರದಾರರು ಬಿಟ್ಟುಹೋದ ಹಳೆಯ ಕಾರೊಂದನ್ನು ಲಿಂಗಸುಗೂರಿನ ನಿನ್ನ ಗ್ಯಾರೇಜಿನಲ್ಲಿ ಓಟದ ಕಾರಾಗಿ ಕಟ್ಟೋಣವೆಂದವನು ನಾನೇ. ಹೈದರಾಬಾದಿನ ಪಂದ್ಯದಲ್ಲಿ ನೀನು ಓಡಿಸಬೇಕು, ನಾನು ಪಕ್ಕದಲ್ಲಿ ಕೂರಬೇಕು, ನಮ್ಮಿಬ್ಬರನ್ನು ಕಂಡು ಜನರ ಮನಸ್ಸು ತಿರುಗಬೇಕು — ಕಾಲೇಜಿನ ಚರ್ಚಾಕೂಟಗಳಲ್ಲಿ ಗೆದ್ದು ಬಂದವನ ಕನಸು ಅದು. ನಿನಗೆ ಬೇಕಿದ್ದುದು ಒಳ್ಳೆಯ ಡ್ರೈವರ್ ಎಂಬ ಹೆಸರು, ಅಷ್ಟೇ.

ಕಾರಿನ ಹಿಂದಿನ ಅಚ್ಚು ಸವೆದಿತ್ತು. ನಿನ್ನಲ್ಲಿದ್ದ ಲಾರಿಯ ಅಚ್ಚು ಗಟ್ಟಿ, ಆದರೆ ಅದರ ಹಲ್ಲುಚಕ್ರಗಳು ಹೇರು ಎಳೆಯಲೆಂದು ಮಾಡಿದವು, ಓಟಕ್ಕೆ ಒಗ್ಗುತ್ತಿರಲಿಲ್ಲ. ಹೊಸದು ಬರುವಷ್ಟರಲ್ಲಿ ಪಂದ್ಯವೇ ಮುಗಿಯುತ್ತಿತ್ತು. ಹಳ್ಳದ ಕಾರಿನದು ಹಗುರ, ವೇಗಕ್ಕೆ ಹೇಳಿ ಮಾಡಿಸಿದಂತಿತ್ತು. ಅದನ್ನು ತರೋಣವೆಂದಾಗ, ಜೋಳ ಹಸನು ಮಾಡುತ್ತಿದ್ದ ನಿನ್ನ ತಾಯಿ ಮೊರ ಕೆಳಗಿಟ್ಟರು.

“ಮಂದಿ ಸತ್ತ ಬಂಡಿ ಅಚ್ಚು ಇನ್ನೊಂದು ಬಂಡಿಗಿ ಹಾಕಂಗಿಲ್ಲಪ್ಪಾ. ಕಟ್ಟಿಗಿದಾದ್ರ ಒಲಿಗೆ ಹಾಕ್ತೀವಿ. ಇದು ಕಬ್ಬಿಣ, ಹೂತುಬಿಡ್ರಿ.”

“ಕಬ್ಬಿಣಕ್ಕ ದೆವ್ವ ಬಡೀತದೇನ್ರಿ ಅಮ್ಮಾ?”

“ಏ ಖಾದರ, ನಿನ್ನ ಗೆಳೆಯ ದೆವ್ವ ಬಂದ್ರೂ ಕುಂದ್ರಿಸಿ ಭಾಷಣ ಮಾಡ್ತಾನ ನೋಡು!” ಎಂದು ನಕ್ಕರು. ಆದರೆ ಮೊರವನ್ನು ಮತ್ತೆ ಎತ್ತಿಕೊಳ್ಳಲಿಲ್ಲ. ನೀನೂ ಬೇಡವೆಂದೆ.

ಸೋತ ವಾದವನ್ನು ಸೋತದ್ದೆಂದು ಬಿಡಲು ನಾನು ಕಲಿತಿರಲಿಲ್ಲ. ಮೂಢನಂಬಿಕೆಗೆ ಮಣಿಯಬಾರದು ಎಂದುಕೊಂಡೆ — ಅದಕ್ಕಾಗಿ ಸುಳ್ಳಿಗೆ ಮಣಿದೆ. ಕೆಲವು ದಿನಗಳ ಬಳಿಕ ಅಚ್ಚನ್ನು ನಿನ್ನ ಮುಂದಿಟ್ಟಾಗ ನೀನು ಕೇಳಿದೆ: “ಖರೇ ಹೇಳಲೇ ಶರಣ್ಯಾ, ಬಿದ್ದ ಗಾಡೀದಲ್ಲ ಹೌದಲ್ಲೋ?”

“ಅಲ್ಲೋ. ರಾಯಚೂರಿನ ಗುಜರೀದು.”

ಮತ್ತೆ ನೀನು ಕೇಳಲಿಲ್ಲ. ಅದರ ತುದಿಯಲ್ಲಿ ಕೂದಲೆಳೆಯಂಥ ಗೆರೆಯೊಂದಿತ್ತು, ಖಾದರ. ನಾನು ಕಂಡಿದ್ದೆ. ಒರೆಸಿದೆ, ಹೋಗಲಿಲ್ಲ. ಬರಿಯ ಗೀರು ಎಂದು ನನ್ನೊಡನೆ ನಾನೇ ವಾದಿಸಿ ಗೆದ್ದು, ಮೇಲೆ ಗ್ರೀಸ್ ಸವರಿದೆ. ಬಿದ್ದ ಗಾಡಿಯದೆಂದು ತಿಳಿದಿದ್ದರೆ ನೀನು ಆ ಗ್ರೀಸ್ ಒರೆಸಿ ನೋಡುತ್ತಿದ್ದೆ — ಅಥವಾ ಮುಟ್ಟುತ್ತಲೇ ಇರಲಿಲ್ಲ.

ಪರೀಕ್ಷೆಗೆಂದು ಮಸ್ಕಿಯಿಂದ ಸಿಂಧನೂರಿನ ದಾರಿ ಹಿಡಿದೆವು. ಎದುರಿಗೆ ಎತ್ತಿನ ಬಂಡಿ ಬಂತು. ನೀನು ನಿಧಾನಿಸಿ ದಾರಿ ಬಿಟ್ಟೆ. ಅದು ದಾಟಿದ ಮೇಲೆ ಕಾರಿನ ವೇಗವನ್ನು ಮತ್ತೆ ಏರಿಸುತ್ತಿದ್ದಂತೆ ಹಿಂದೆ ಏನೋ ಮುರಿದ ಸದ್ದು. ನಮ್ಮದೇ ಗಾಲಿ ನಮ್ಮನ್ನು ದಾಟಿ ಮುಂದೆ ಉರುಳಿತು. ಕಾರು ನಿನ್ನ ಬದಿಗೆ ಮಗುಚಿತು. ನನಗೆ ತರಚುಗಾಯ. ನಿನ್ನ ಬಲಗೈಯನ್ನು ಮೊಣಕೈವರೆಗೆ ತೆಗೆದರು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ನೀನು ಕೇಳಿದ್ದು ಒಂದೇ ಮಾತು: “ನಾ ಭಾಳ ಜೋರ ಹೊಡದ್ನೇನೋ?”

ನಾನು — “ಹೂಂ, ಜರಾ ಜೋರಾತು” ಎಂದೆ.

ಆ ಮಾತು ಆಸ್ಪತ್ರೆಯಿಂದ ಚಹಾದಂಗಡಿಗೆ, ಅಲ್ಲಿಂದ ಸಂತೆಗೆ ಹೋಯಿತು. ಕೇಳಿದವರಿಗೆಲ್ಲ ನಾನೂ ಅದನ್ನೇ ಹೇಳಿದೆ. ನೀನು ಹುಚ್ಚು ಡ್ರೈವರ್ ಆದೆ. ಎಡಗೈಯಿಂದಲೇ ಕೆಲಸ ಕಲಿಸುತ್ತೇನೆಂದು ನೀನು ಕುಳಿತಾಗ, ನಿನ್ನ ಬಳಿಗೆ ಯಾರೂ ಮಕ್ಕಳನ್ನು ಕಳಿಸಲಿಲ್ಲ. ನಿನ್ನ ತಾಯಿ, ಕೊನೆಗಾಲದಲ್ಲಿ, ನನ್ನ ಕೈ ಹಿಡಿದು, “ನನ್ನ ಮಗ ನಿನ್ನ ಜೀವಕ್ಕೂ ಕುತ್ತು ತಂದಿದ್ದ, ಮಾಫ್ ಮಾಡಪ್ಪಾ” ಎಂದರು. ನಾನು — ಕ್ಷಮಿಸಿದೆ. ಖಾದರ, ನಾನು ಅವರನ್ನು ಕ್ಷಮಿಸಿದೆ!

ಬರುವ ಸಂತೆಯ ದಿನ ಅದೇ ಚಹಾದಂಗಡಿಯಲ್ಲಿ ಎದ್ದು ನಿಂತು ಇದನ್ನೆಲ್ಲ ಹೇಳುತ್ತೇನೆ. ನೀನು ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ. ಆದರೆ ಆಸ್ಪತ್ರೆಯಲ್ಲಿ ನೀನು ಕೇಳಿದ ಮಾತಿಗೆ ಉತ್ತರವನ್ನು ಎಲ್ಲರಿಗಿಂತ ಮೊದಲು ನಿನಗೇ ಕೊಡಬೇಕು.

ಇಲ್ಲೋ ಖಾದರ. ನೀ ಜೋರ ಹೊಡದಿದ್ದಿಲ್ಲ.