ಎರಡಕ್ಕೆ ಎಷ್ಟು ಪೆಟ್ಟು

ನಾನು ಡ್ರಮ್ ಕಲಿಸುವವಳು ಎಂದರೆ ಜನ ಈಗಲೂ ಮೊದಲು ನನ್ನ ಕೈ ನೋಡುತ್ತಾರೆ, ಆಮೇಲೆ ಸೀರೆ ನೋಡುತ್ತಾರೆ, ಕೊನೆಗೆ "ಹೌದೇನ್ರೀ?" ಎನ್ನುತ್ತಾರೆ. ಹೌದ್ರೀ. ಬೆಳಗಾವಿಯ ಅನಗೋಳದಿಂದ ವಾರಕ್ಕೆ ಮೂರು ದಿನ ಬಸ್ಸು ಹತ್ತಿ ಖಾನಾಪುರದ ಒಂದು ಕನ್ನಡ ಶಾಲೆಗೆ ಹೋಗುತ್ತೇನೆ, ಅಲ್ಲಿನ ಬ್ಯಾಂಡಿಗೆ ಸೇರಿದ ಹೊಸ ಮಕ್ಕಳಿಗೆ ಡ್ರಮ್ ಹೇಳಿಕೊಡುತ್ತೇನೆ. ಕೊಳಲು, ಬ್ಯೂಗಲ್ ಕಲಿಸಲು ಬೇರೆ ಮಾಸ್ತರರಿದ್ದಾರೆ, ಅವರ ಕೈಯನ್ನು ಯಾರೂ ನೋಡುವುದಿಲ್ಲ. ಚಿಕ್ಕವಳಿದ್ದಾಗ ಮಿಲಿಟರಿ ಕ್ಯಾಂಪಿನ ಗೋಡೆಯಾಚೆ ಪಲ್ಟಣಿನ ಬ್ಯಾಂಡು ಅಭ್ಯಾಸ ಮಾಡುವುದನ್ನು ಕೇಳುತ್ತ ನಿಂತು, ಶಾಲೆಗೆ ತಡವಾಗಿ ಹೋಗಿ ಛಡಿ ಏಟು ತಿಂದವಳು ನಾನು. ಕಾಲೇಜಿನಲ್ಲಿ ಪರೇಡಿನ ಬ್ಯಾಂಡು ಸೇರಿದಾಗ ಓಣಿಯ ಹೆಂಗಸರು ಅವ್ವನಿಗೆ, "ಹೆಣ್ಣಹುಡುಗಿ ಡೋಲು ಬಡಕೋತ ಊರೆಲ್ಲಾ ತಿರಗತಾಳಲ್ಲವಾ" ಎಂದರು. "ನಿಮ್ಮ ಡೋಲಂತೂ ಬಡಿಯಾಕಹತ್ತಿಲ್ಲಲಾ" ಎಂದು ಅವ್ವ ಬಾಗಿಲು ಹಾಕಿಕೊಂಡಳು. ನನ್ನ ನಾಲಿಗೆ ಅವಳಿಂದ ಬಂದದ್ದು.

ಹೊಸ ಮಕ್ಕಳು ಬರುವುದು ಜೂನಿನಲ್ಲಿ. ಖಾನಾಪುರದಲ್ಲಿ ಜೂನ್ ಎಂದರೆ ಮೈದಾನದ ಆಸೆ ಬಿಡಬೇಕು, ಮಳೆ ಹಿಡಿದರೆ ಬಿಡುವುದಿಲ್ಲ. ಪಾಠವೆಲ್ಲ ವರಾಂಡದಲ್ಲಿ. ಮೊದಮೊದಲು ಡ್ರಮ್ ಮುಟ್ಟಲು ಕೊಡುವುದಿಲ್ಲ. ಬೆಂಚಿನ ಮೇಲೆ ಹಳೆಯ ಸೈಕಲ್ ಟ್ಯೂಬಿನ ತುಂಡು ಹಾಸಿ, ಕೈಗೆ ಎರಡು ಕೋಲು ಕೊಟ್ಟು ಕೂರಿಸುತ್ತೇನೆ. ಒಬ್ಬ ಕೋಲನ್ನು ಲಟ್ಟಣಿಗೆಯಂತೆ ಹಿಡಿಯುತ್ತಾನೆ, ಇನ್ನೊಬ್ಬ ಹಾವು ಹೊಡೆಯಲು ಹೊರಟವನಂತೆ. "ಕೋಲ ಹಿಡೀರಿ, ಅದರ ಕುತಿಗಿ ಹಿಚಕಬ್ಯಾಡ್ರಿ" ಎಂದು ಹೇಳಿ ಹೇಳಿ ನನ್ನ ಗಂಟಲು ಹರಿಯುತ್ತದೆ. ಅದು ಸರಿಹೋಗುವ ಹೊತ್ತಿಗೆ ಎರಡನೆಯ ರೋಗ ಶುರು: ಓಟ. ಒಬ್ಬ ಉಮೇದಿಗೆ ಬಿದ್ದು ಸ್ವಲ್ಪ ಬೇಗ ಬೇಗ ಬಾರಿಸುತ್ತಾನೆ, ಪಕ್ಕದವಳು ಅವನನ್ನು ಬೆನ್ನಟ್ಟುತ್ತಾಳೆ, ಮೂರನೆಯವನು ಸಿಟ್ಟಿಗೆದ್ದು ನಿಧಾನ ಮಾಡುತ್ತಾನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಈ ರೋಗಕ್ಕೆ ಇರುವ ಮದ್ದು ಒಂದೇ, ಬಾಯಿಬಿಟ್ಟು ಎಣಿಸುತ್ತ ಬಾರಿಸುವುದು. ಪಳಗಿದವರಿಗೆ ಬಾಯಿ ಬೇರೆ, ಕೈ ಬೇರೆ. ಹೊಸಬರಿಗೆ ಹಾಗಲ್ಲ, ಬಾಯಿ ಏನು ಹೇಳುತ್ತದೋ ಕೈ ಅದನ್ನೇ ಮಾಡುತ್ತದೆ. ನಮ್ಮ ನಡಿಗೆಯ ತಾಳದಲ್ಲಿ ಸಣ್ಣ ಡ್ರಮ್ಮಿನವರು ಹೆಜ್ಜೆಗೆ ಎರಡು ಪೆಟ್ಟು ಹೊಡೆಯಬೇಕು, ಬಲಗೈ ಎಡಗೈ. "ಒಂದು" ಎಂದರೆ ಎರಡು ಅಕ್ಷರ, ಎರಡು ಪೆಟ್ಟು. "ಮೂರು" ಸರಿ, "ನಾಲ್ಕು" ಸರಿ. ಕಂಟಕ ಇರುವುದು "ಎರಡು" ಎಂಬಲ್ಲಿ. ಅದಕ್ಕೆ ಮೂರು ಅಕ್ಷರ. ಬಾಯಿ ಎ-ರ-ಡು ಎಂದಕೂಡಲೇ ಕೈ ಮೂರು ಪೆಟ್ಟು ಹಾಕುತ್ತದೆ, ಇಡೀ ಸಾಲು ಎರಡನೆಯ ಹೆಜ್ಜೆಗೆ ಹೊಸ್ತಿಲು ಎಡವಿದಂತೆ ಮುಗ್ಗರಿಸುತ್ತದೆ. ಪ್ರತಿ ವರ್ಷ ಇದೇ ಹಾಡು, ಪ್ರತಿ ವರ್ಷ ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ.

ಒಂದು ವರ್ಷ ಹಳ್ಳಿಯಿಂದ ಬರುವ ಒಬ್ಬ ಹುಡುಗ ಮೈಮರೆತು ಮನೆಯ ಮಾತಿನಲ್ಲಿ ಎಣಿಸಿಬಿಟ್ಟ. "ಒಂದ, ಯಾಡ, ಮೂರ, ನಾಕ." ಉಳಿದವರು ಗೊಳ್ಳೆಂದು ನಕ್ಕರು. ತರಗತಿಯಲ್ಲಿ "ಯಾಡ" ಎಂದರೆ ಮಾಸ್ತರರು ಕಿವಿ ಹಿಂಡುತ್ತಾರೆ, ಅದು ಎಲ್ಲರಿಗೂ ಗೊತ್ತು. ಹುಡುಗ ನಾಲಿಗೆ ಕಚ್ಚಿಕೊಂಡ. ನನಗೆ ನಗು ಬರಲಿಲ್ಲ, ಏಕೆಂದರೆ ಅವನ ಕೈ ತಪ್ಪಿರಲಿಲ್ಲ.

"ನಿಮ್ಮ ಮನ್ಯಾಗ ಹಂಗ ಎಣಸ್ತೀರೇನು?" ಎಂದೆ.

"ಹೂನ್ರೀ ಅಕ್ಕೋರ. ತಪ್ಪಾತ್ರೀ."

"ತಪ್ಪಲ್ಲೋ ಮಾರಾಯಾ. ಇನ್ನಮ್ಯಾಲೆ ಎಲ್ಲಾರೂ ಹಂಗ ಎಣಸ್ರಿ."

ಯಾ-ಡ. ಎರಡು ಅಕ್ಷರ, ಎರಡು ಪೆಟ್ಟು. ವರ್ಷಗಟ್ಟಲೆ ನನ್ನನ್ನು ಕಾಡಿದ್ದು ಅವತ್ತು ಮಧ್ಯಾಹ್ನವೇ ಸರಿಹೋಯಿತು. ಪುಸ್ತಕದ "ಎರಡು" ಪುಸ್ತಕದಲ್ಲೇ ಇರಲಿ ಎಂದು ಬ್ಯಾಂಡಿನಿಂದ ಹೊರಗೆ ಹಾಕಿದೆ.

ಇನ್ನು ದೊಡ್ಡ ಡ್ರಮ್. ಅದನ್ನು ಕೊರಳಿಗೆ ಹಾಕಿಕೊಂಡವರು ಹೆಜ್ಜೆಗೆ ಒಂದೇ ಪೆಟ್ಟು ಹೊಡೆಯಬೇಕು, ಇಡೀ ಶಾಲೆಯ ಕಾಲು ಅದರ ಮೇಲೆ ನಡೆಯುತ್ತದೆ. ಆ ವರ್ಷ ಅದನ್ನು ನಾನು ಏಳನೆಯ ತರಗತಿಯ ಒಬ್ಬ ಹುಡುಗಿಗೆ ಕೊಟ್ಟಿದ್ದೆ. "ಮೂಗಿಗಿಂತ ಮೂಗುತಿ ಭಾರ" ಎಂದು ಕೊಳಲಿನ ಮಾಸ್ತರರು ನಕ್ಕರು. ಡ್ರಮ್ಮಿನ ಹಿಂದೆ ಅವಳ ಹಣೆ, ಕಣ್ಣು ಮಾತ್ರ ಕಾಣುತ್ತಿದ್ದವು, ಅದು ಖರೆ. ಆದರೆ ಅವಳ ಹೆಗಲು ಗಟ್ಟಿ, ಅದಕ್ಕಿಂತ ಹೆಚ್ಚಾಗಿ ಅವಳಿಗೆ ಅವಸರವೇ ಇರಲಿಲ್ಲ. ದೊಡ್ಡ ಡ್ರಮ್ಮಿಗೆ ಬೇಕಾದದ್ದು ಆ ಗುಣ. ಮನೆಯಲ್ಲಿ ಮರಾಠಿ ಮಾತು, ಮುಂದೆ ನೌಕರಿಗೆ ಕನ್ನಡ ಬೇಕಾದೀತೆಂದು ಅಪ್ಪ ಕನ್ನಡ ಶಾಲೆಗೆ ಹಾಕಿದ್ದ. ತರಗತಿಯಲ್ಲಿ ಅವಳು ಬಾಯಿ ತೆರೆಯುತ್ತಿದ್ದದ್ದು ಅಪರೂಪ. ತೆರೆದರೆ ಯಾರಾದರೂ ನಗುತ್ತಿದ್ದರು.

ಮೊದಲಿಗೆ ಅವಳಿಗೂ "ಒಂದ, ಯಾಡ" ಎಂದೇ ಎಣಿಸಲು ಹೇಳಿದೆ. ಎರಡು ಅಕ್ಷರಕ್ಕೆ ಎರಡು ಪೆಟ್ಟು ಬಿದ್ದು ದೊಡ್ಡ ಡ್ರಮ್ ತೊದಲತೊಡಗಿತು. ಹುಡುಗನಿಗೆ ಕೇಳಿದ್ದನ್ನೇ ಅವಳಿಗೂ ಕೇಳಿದೆ, ಮನೆಯಲ್ಲಿ ಹೇಗೆ ಎಣಿಸುತ್ತೀರಿ ಎಂದು. ನೆಲ ನೋಡುತ್ತ ಸಣ್ಣ ದನಿಯಲ್ಲಿ, "ಏಕ್, ದೋನ್, ತೀನ್, ಚಾರ್" ಎಂದಳು. ಒಂದೊಂದೂ ಒಂದೇ ಪೆಟ್ಟಿನ ಮಾತು! ನಾನು ಹುಡುಕುತ್ತಿದ್ದದ್ದು ಅವಳ ಬಾಯಲ್ಲೇ ಇತ್ತು. ಸಣ್ಣ ಡ್ರಮ್ಮಿನವರು ಮನೆಯ ಕನ್ನಡದಲ್ಲಿ, ದೊಡ್ಡ ಡ್ರಮ್ ಮನೆಯ ಮರಾಠಿಯಲ್ಲಿ. ಮಳೆಯ ಸದ್ದಿನ ಮೇಲೆ ಎರಡೂ ಒಟ್ಟಿಗೆ ಎದ್ದು, "ಏಕ್" ಹೋಗಿ "ಒಂದ"ದ ತಲೆಯ ಮೇಲೆ ಸರಿಯಾಗಿ ಕೂತಾಗ ನನ್ನ ಮೈ ಜುಂ ಎಂದಿತು. ಕಲಿಸುವವರಿಗೆ ಇಂಥ ದಿನಗಳು ಕಡಿಮೆ.

ನನಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ನಮ್ಮವ್ವ ರೊಟ್ಟಿ ಎಣಿಸುವುದು ಕನ್ನಡದಲ್ಲಿ, ಬಾಗಿಲಿಗೆ ಬರುವ ಕಾಯಿಪಲ್ಲೆಯವಳೊಂದಿಗೆ ಲೆಕ್ಕ ಮರಾಠಿಯಲ್ಲಿ. ಅದರಿಂದ ರೊಟ್ಟಿ ಹಸಿಯಾಗಿ ಉಳಿದದ್ದನ್ನು ನಾನು ಕಂಡಿಲ್ಲ.

ಆದರೆ ಶಾಲಾ ಸಮಿತಿಯ ಹಿರಿಯರೊಬ್ಬರು ಒಂದು ದಿನ ವರಾಂಡದಲ್ಲಿ ಹಾದುಹೋದರು. ಇಸ್ತ್ರಿಯ ಬಿಳಿ ಅಂಗಿ, ನಿಧಾನದ ನಡಿಗೆ, ಎಲ್ಲರಿಗೂ ಬುದ್ಧಿ ಹೇಳುವ ಅಭ್ಯಾಸ. ನಿಂತು ಕೇಳಿದರು, ಹುಬ್ಬು ಗಂಟಿಕ್ಕಿದರು, ಹೆಡ್ ಮಾಸ್ತರರ ಕೋಣೆಗೆ ಹೋದರು. ಮರುದಿನ ನಾನು ಬಾರದ ದಿನ. ಹೆಡ್ ಮಾಸ್ತರರು ತಾವೇ ವರಾಂಡಕ್ಕೆ ಬಂದು, ಆ ಹುಡುಗಿಗೆ ಕನ್ನಡದಲ್ಲೇ ಎಣಿಸಬೇಕು, ಅದೂ ಸರಿಯಾದ ಕನ್ನಡದಲ್ಲಿ, ಎಂದು ಹೇಳಿ ಎಲ್ಲರ ಮುಂದೆ ಬಾರಿಸಲು ಹಚ್ಚಿದರಂತೆ. "ಒಂದು" ಎಂದಳು, ಎರಡು ಪೆಟ್ಟು. "ಎರಡು" ಎಂದಳು, ಮೂರು ಪೆಟ್ಟು. ನಗು ಎದ್ದಿತು. ಮುಂದಿನ ದಿನ ನಾನು ಬಂದಾಗ ದೊಡ್ಡ ಡ್ರಮ್ ಗೋಡೆಗೆ ಆನಿಕೊಂಡಿತ್ತು, ಅವಳು ಅದರಿಂದ ದೂರ, ಮೆಟ್ಟಿಲ ಮೇಲೆ ಕೂತಿದ್ದಳು.

"ಮಲಾ ಜಮತ್ ನಾಹಿ, ಅಕ್ಕೋರ" ಎಂದಳು. ನನಗೆ ಬರುವುದಿಲ್ಲ ಎಂದು.

ನೇರ ಹೆಡ್ ಮಾಸ್ತರರ ಕೋಣೆಗೆ ನಡೆದೆ. ಹಿರಿಯರೂ ಅಲ್ಲೇ ಇದ್ದರು, ಅದು ಒಳ್ಳೆಯದೇ ಆಯಿತು.

"ಕನ್ನಡ ಸಾಲ್ಯಾಗ ಮರಾಠಿ ಎಣಿಕಿ ಯಾಕ ಬೇಕ್ರಿ ಅಕ್ಕೋರ?" ಎಂದರು ಹಿರಿಯರು.

"ಸಣ್ಣ ಡ್ರಮ್ಮಿಗೆ ಕನ್ನಡ ಯಾಕ ಬೇಕೋ ಅದರ ಸಲುವಾಗಿರೀ. ಕೈ ಕೂಡಬೇಕಲ್ಲ."

"ಹುಡುಗಿನ್ನ ಬದಲಿ ಮಾಡ್ರಿ. ಆಗಸ್ಟ್ ಹದಿನೈದಕ್ಕ ತಾಲೂಕಿನ ಮೈದಾನದಾಗ ಎಲ್ಲಾ ಸಾಲಿಯವರು ಬರತಾರ. ನಾಕ ಮಂದಿ ಏನಂದಾರು?"

"ಹುಡುಗಿ ಬದಲಿ ಆದ್ರ ನಾನೂ ಬದಲಿ ಆಗ್ತೀನ್ರಿ. ಹದಿನೈದಕ್ಕ ನೀವ ದೊಡ್ಡ ಡ್ರಮ್ ಹಾಕ್ಕೊಂಡು ನಡೀರಿ. ಶುದ್ಧ ಕನ್ನಡದಾಗ ಎಣಸಕೋತ."

ಹೆಡ್ ಮಾಸ್ತರರಿಗೆ ಕೆಮ್ಮು ಬಂತು. ಅವರು ಕೆಟ್ಟವರಲ್ಲ, ಯಾವ ಮಾತನ್ನೂ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳುವವರು. ನನ್ನ ಕೆಲಸ ಕಾಯಂ ಅಲ್ಲ, ನಾಳೆ ಬರಬೇಡಿ ಎಂದರೆ ಮುಗಿಯಿತು, ಅದು ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ನನಗೆ ಹೆದರಿಕೆ ಆಗಲಿಲ್ಲ ಎಂದು ಹೇಳಲಾರೆ. ಆದರೆ ಮೆಟ್ಟಿಲ ಮೇಲೆ ಕೂತವಳ ಮುಖ ನೆನೆದರೆ ಹೆದರಿಕೆಗಿಂತ ಸಿಟ್ಟೇ ದೊಡ್ಡದಾಗುತ್ತಿತ್ತು. ಕೊನೆಗೆ ಹೆಡ್ ಮಾಸ್ತರರು, "ಅಭ್ಯಾಸದಾಗ ಹೆಂಗರ ಎಣಸ್ರಿ. ಮೈದಾನದಾಗ ಮಾತ್ರ ಯಾರೂ ಬಾಯಿ ಬಿಡಬಾರದು. ಆತೇನ್ರಿ?" ಎಂದರು. ಹಿರಿಯರು ಗೊಣಗುತ್ತ ಒಪ್ಪಿದರು, ಒಂದು ಹೆಜ್ಜೆ ತಪ್ಪಿದರೂ ಹುಡುಗಿಯನ್ನು ತೆಗೆಯಬೇಕು ಎಂಬ ಕರಾರಿನ ಮೇಲೆ.

ಹೊರಗೆ ಬಂದು ಹುಡುಗಿಯ ಬಾಜು ಕೂತೆ. "ತುಲಾಚ್ ಜಮತಂ" ಎಂದೆ, ಬರುವುದಾದರೆ ನಿನಗೇ ಬರುವುದು ಎಂದು. ಅವಳು ನನ್ನ ಮುಖ ನೋಡಿದಳು. ಅಕ್ಕೋರು ಮರಾಠಿ ಆಡಿದ್ದಕ್ಕೋ, ಆಡಿದ ಮಾತಿಗೋ, ಗೊತ್ತಿಲ್ಲ. ಎದ್ದು ಹೋಗಿ ಡ್ರಮ್ ಕೊರಳಿಗೆ ಹಾಕಿಕೊಂಡಳು. ಪಟ್ಟಿ ಕತ್ತು ಕೊರೆಯದಂತೆ ನನ್ನ ಟವೆಲ್ಲನ್ನು ಮಡಿಸಿ ಕೆಳಗೆ ಇಟ್ಟೆ.

ಹದಿನೈದರಂದು ಮಳೆ ಬಿಡುವು ಕೊಟ್ಟಿತ್ತು, ಕೆಸರು ಮಾತ್ರ ಬಿಡುವು ಕೊಟ್ಟಿರಲಿಲ್ಲ. ವೇದಿಕೆಯ ಹತ್ತಿರ ಹಿರಿಯರು ಕೈ ಕಟ್ಟಿ ನಿಂತಿದ್ದರು. ನಮ್ಮ ಮಕ್ಕಳು ತುಟಿ ಬಿಗಿದುಕೊಂಡು ಹೊರಟರು. ಮೊದಲ ಸುತ್ತು ಚೆನ್ನಾಗಿಯೇ ಆಯಿತು. ತಿರುವಿನಲ್ಲಿ ಮುಂದಿನ ಸಾಲಿನ ಒಬ್ಬನ ಕಾಲು ಜಾರಿತು. ಬೀಳಲಿಲ್ಲ, ಆದರೆ ಗಾಬರಿಯಾಗಿ ಕೈ ಓಡತೊಡಗಿತು. ಪಕ್ಕದವಳು ಅವನ ಬೆನ್ನುಹತ್ತಿದಳು. ಅದೇ ಹಳೆಯ ರೋಗ, ಅದೂ ವೇದಿಕೆಯ ಎದುರಿಗೆ. ಹಗ್ಗದ ಈಚೆ ನಿಂತ ನಾನು ಏನೂ ಮಾಡುವಂತಿರಲಿಲ್ಲ.

ಆಗ ದೊಡ್ಡ ಡ್ರಮ್ಮಿನ ಹಿಂದಿನಿಂದ ದನಿ ಬಂತು. ತರಗತಿಯಲ್ಲಿ ಬಾಯಿ ತೆರೆಯದ ಹುಡುಗಿ ಮೈದಾನ ಕೇಳುವಂತೆ ಕೂಗುತ್ತಿದ್ದಳು.

"ಒಂದ! ಯಾಡ! ಮೂರ! ನಾಕ!"

ಸಣ್ಣ ಡ್ರಮ್ಮುಗಳು ಅವಳ ದನಿಯನ್ನು ಹಿಡಿದುಕೊಂಡವು. ಯಾ-ಡ, ಎರಡು ಪೆಟ್ಟು. ಓಟ ನಿಂತಿತು, ಕಾಲುಗಳು ಮತ್ತೆ ಕೂಡಿದವು. ನನಗೆ ಮಿಕ್ಕದ್ದು ಹೊಳೆದದ್ದು ನಾಲ್ಕಾರು ಹೆಜ್ಜೆಯ ಮೇಲೆ. ಅವಳ ಬಾಯಿ ಎರಡೆರಡು ಅಕ್ಷರ ಕೂಗುತ್ತಿತ್ತು, ಕೈ ಹೆಜ್ಜೆಗೆ ಒಂದೇ ಪೆಟ್ಟು ಹಾಕುತ್ತಿತ್ತು. ತೊದಲಲಿಲ್ಲ. ಬಾಯಿ ಬೇರೆ, ಕೈ ಬೇರೆ! ಜೂನಿನಲ್ಲಿ ಬಂದವಳು ಆಗಸ್ಟಿಗೆ ಪಳಗಿದ್ದಳು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ, ಯಾರು ನೋಡಿದರೆ ನನಗೇನು.

ಕವಾಯತು ಮುಗಿದು ಮಕ್ಕಳು ಮೈದಾನದ ಅಂಚಿನ ಚಹಾದಂಗಡಿಯ ಬಾಜು ಸಾಲಾಗಿ ನಿಂತಿದ್ದರು, ಡ್ರಮ್ ಇನ್ನೂ ಕೊರಳಲ್ಲೇ. ಹಿರಿಯರು ಹೆಡ್ ಮಾಸ್ತರರನ್ನು ಕರೆದುಕೊಂಡು ಬಂದರು. ಗೆದ್ದವರ ಮುಖ.

"ಶಾಬಾಸ್ ಮಗಳ! ಕನ್ನಡದಾಗ ಎಣಿಸಿದಿ, ಬಂತಿಲ್ಲೋ? ನಾ ಹೇಳಿದ್ದು ಖರೇ ಆತಿಲ್ಲೋ?"

ಹುಡುಗಿ ಡ್ರಮ್ಮಿನ ಮೇಲಿನಿಂದ ಅವರನ್ನು ನೋಡಿದಳು. ನೆಲ ನೋಡಲಿಲ್ಲ.

"ಬಾಯಿ ಅವರ ಸಲುವಾಗಿರೀ" ಎಂದಳು, ಸಣ್ಣ ಡ್ರಮ್ಮಿನವರ ಕಡೆ ಕತ್ತು ಹೊರಳಿಸಿ. "ಕೈಯಾಗ ಏಕ್, ದೋನ್ ಇತ್ತು."

ಹೆಡ್ ಮಾಸ್ತರರಿಗೆ ಮತ್ತೆ ಕೆಮ್ಮು. ಹಿರಿಯರು ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಅದಿರಲಿ ಅಕ್ಕೋರ, ಯಾಡ ಅಂದ್ರ ಏನ್ರಿ? ಇಷ್ಟ ಮಂದಿ ಮುಂದ! ಎರಡು ಅನ್ನಾಕ ಕಲಸ್ರಿ. ನಾವೇನು ಹಂಗ ಮಾತಾಡ್ತೀವೇನು?"

ನಾನು ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಅವರಿಗೆ ನನ್ನ ಉತ್ತರ ಬೇಕಿರಲಿಲ್ಲ, ಆಗಲೇ ಚಹಾದವನ ಕಡೆ ಕೈ ಎತ್ತಿದ್ದರು.

"ಏ ತಮ್ಮಾ, ಯಾಡ ಚಾ ಕೊಡು!"

ಸಾಲಿನಲ್ಲಿದ್ದ ಸಣ್ಣ ಡ್ರಮ್ಮುಗಳೆಲ್ಲ ಒಟ್ಟಿಗೆ ಎರಡು ಪೆಟ್ಟು ಹೊಡೆದವು. ಅದರ ಮೊದಲ ಪೆಟ್ಟಿನೊಳಗೆ ದೊಡ್ಡ ಡ್ರಮ್ಮಿನ ಒಂದೇ ಒಂದು ಪೆಟ್ಟು, ಅವಸರವಿಲ್ಲದೆ, ಸರಿಯಾಗಿ ಕೂತಿತು. ಹಿರಿಯರ ಕೈ ಗಾಳಿಯಲ್ಲೇ ನಿಂತಿತು. ಹೆಡ್ ಮಾಸ್ತರರು ನನ್ನನ್ನು ನೋಡಿದರು, ಮಕ್ಕಳನ್ನು ಸುಮ್ಮನಿರಿಸಿ ಎಂಬಂತೆ.

ನಾನು ಸುಮ್ಮನಿರಿಸಲಿಲ್ಲ.