ವಿನ್‌ಫ್ರೀಡ್ ಝೀಲೊಂಕಾನ ಎಡಗಾಲು

ಜರ್ಮನಿಯ ಹೆರ್ನೆ ಊರಿನ ಗಣಿ ಕಾರ್ಮಿಕರ ಸಾಲುಮನೆಯಲ್ಲಿ ಹುಟ್ಟಿದ ವಿನ್‌ಫ್ರೀಡ್ ಝೀಲೊಂಕಾನಿಗೆ ಓಟ ಅಷ್ಟಕ್ಕಷ್ಟೆ. ಆದರೆ ಫುಟ್‌ಬಾಲ್ ಮೈದಾನದಲ್ಲಿ ಅವನನ್ನು ದಾಟಿ ಗೋಲಿನ ಕಡೆ ಹೋಗುವುದು ಸುಲಭವಿರಲಿಲ್ಲ. ಎದುರಾಳಿ ಹತ್ತಿರ ಬಂದನೆಂದರೆ ಹುಲ್ಲಿನ ಮೇಲೆ ಜಾರಿ, ಚಾಚಿದ ಎಡಗಾಲಿನಿಂದ ಚೆಂಡನ್ನು ಕಿತ್ತುಕೊಳ್ಳುತ್ತಿದ್ದ. ಇಪ್ಪತ್ತರಲ್ಲಿ ಗಣಿ ಬಿಟ್ಟು ಎರಡನೇ ದರ್ಜೆಯ ಕ್ಲಬ್ಬಿಗೆ ಸೇರಿದಾಗ ಅಪ್ಪ, "ಬಿಸಿಲು ಕಾಣೋ ಕೆಲ್ಸ ಸಿಕ್ತು. ಬಿಡ್ಬೇಡ ಕಣೋ," ಎಂದಿದ್ದ.

ಆರು ವರ್ಷ ಬಿಡಲಿಲ್ಲ. ೧೯೭೯ರ ಮಾರ್ಚ್ ತಿಂಗಳಲ್ಲಿ ಉತ್ತರದ ಬಂದರು ಪಟ್ಟಣದ ತಂಡವೊಂದು ಆಡಲು ಬಂತು. ಅದರಲ್ಲಿ ಒನ್ನೊ ಹಾರ್ಮ್ಸ್ ಎಂಬ ಇಪ್ಪತ್ತರ ಯುವಕ ಮೊದಲರ್ಧದಲ್ಲೇ ವಿನ್‌ಫ್ರೀಡ್‌ನನ್ನು ಎರಡು ಸಲ ದಾಟಿಹೋದ.

"ಏ ವಿನ್ನಿ, ಟ್ರ್ಯಾಮ್ ಹತ್ಕೊಂಡು ಹೋಗಿ ಹಿಡಿಯೋ!" ಎಂದು ಸ್ವಂತ ಊರಿನ ಜನವೇ ಕೂಗಿದರು.

ಮೂರನೇ ಸಲ ವಿನ್‌ಫ್ರೀಡ್ ಕೆಸರಲ್ಲಿ ಜಾರಿದ. ಒನ್ನೊನ ಕಾಲಿನ ಮೂಳೆ ಮುರಿದ ಸದ್ದು ಅವನಿಗೂ ಕೇಳಿಸಿತು. ರೆಫರಿ ಹಳದಿ ಕಾರ್ಡು ತೋರಿಸಿ ಸುಮ್ಮನಾದ. ಜನ ಚಪ್ಪಾಳೆ ತಟ್ಟಿದರು.

ಮರುದಿನ ಹೆಂಡತಿ ಗುಡ್ರುನ್ ಮಾಡಿಕೊಟ್ಟ ಸೇಬಿನ ಕೇಕ್ ಹಿಡಿದು ಆಸ್ಪತ್ರೆಗೆ ಹೋದ. ಒನ್ನೊ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದ. ಪಕ್ಕದಲ್ಲಿ ಅವನ ತಾಯಿ.

"ನಿಮ್ಮ ಕ್ಲಬ್ಬಿನವ್ರು ಕಳಿಸಿದ್ರಾ?"

"ಇಲ್ಲಮ್ಮ, ನಾನೇ ಬಂದೆ."

"ಕೇಕ್ ಮಾಡಿದ್ದು ಯಾರು?"

"ನನ್ನ ಹೆಂಡ್ತಿ."

"ಆಕೇದೇನೂ ತಪ್ಪಿಲ್ಲ. ಅದನ್ನ ಇಟ್ಟು ನೀವು ಹೊರಡಿ."

ಎರಡು ಶಸ್ತ್ರಚಿಕಿತ್ಸೆಯಾದರೂ ಒನ್ನೊ ಮತ್ತೆ ಆಡಲಿಲ್ಲ. ವಿನ್‌ಫ್ರೀಡ್ ಆಡಿದ. ಆದರೆ ಜಾರುವ ಹೊತ್ತಿಗೆ ಸರಿಯಾಗಿ ಎಡಗಾಲು ನಿಂತುಬಿಡುತ್ತಿತ್ತು.

"ಕಾಲು ಹಾಕಯ್ಯಾ! ನೆಲ ತಣ್ಣಗಿದ್ಯೇನು?" ಎಂದು ಕೋಚ್ ರೇಗುತ್ತಿದ್ದ.

"ಹಾಕ್ಬೇಕು ಅಂತಲೇ ಹೋಗ್ತೀನಿ, ಕೋಚ್. ಅದು ಬರಲ್ಲ."

ಮೊದಲು ತಂಡದಲ್ಲಿ ಜಾಗ ಹೋಯಿತು, ಆಮೇಲೆ ಕ್ಲಬ್ಬೂ ಹೋಯಿತು. ಮೂರನೇ ದರ್ಜೆಯಲ್ಲಿ ಎರಡು ವರ್ಷ ಒದ್ದಾಡಿ ಮೂವತ್ತರಲ್ಲಿ ಬೂಟು ಬಿಚ್ಚಿಟ್ಟ. ಬಡಾವಣೆಯ ಸಣ್ಣ ಕ್ಲಬ್ಬೊಂದರಲ್ಲಿ ಹುಲ್ಲು ಕತ್ತರಿಸುವ, ಸುಣ್ಣದ ಗೆರೆ ಎಳೆಯುವ ಕೆಲಸ ಸಿಕ್ಕಿತು. ಆ ಕೆಲಸ ಅವನಿಗೆ ಹಿಡಿಸಿತು. ಪ್ರತಿ ಹೊಸ ವರ್ಷಕ್ಕೂ ಒನ್ನೊನಿಗೆ ಕಾರ್ಡು ಬರೆಯುತ್ತಿದ್ದ. ಉತ್ತರ ಬರುತ್ತಿರಲಿಲ್ಲ.

ಹನ್ನೊಂದನೇ ವರ್ಷ ಉತ್ತರ ಬಂತು: "ಈಗ ಹುಡುಗಿಯರ ತಂಡಕ್ಕೆ ತರಬೇತಿ ಕೊಡುತ್ತಿದ್ದೇನೆ. ಜೂನ್‌ನಲ್ಲಿ ನಿಮ್ಮ ಮೈದಾನದಲ್ಲಿ ಪಂದ್ಯವಿದೆ."

ಒನ್ನೊ ಕುಂಟುತ್ತಲೇ ಬಸ್ಸಿನಿಂದಿಳಿದ. ವಿನ್‌ಫ್ರೀಡ್‌ನ ತಲೆಯನ್ನೇ ನೋಡಿ, "ಕೂದ್ಲೆಲ್ಲಾ ಎಲ್ಲಿ?" ಎಂದ.

"ನಿನ್ನ ಹೊಟ್ಟೆ ಎಲ್ಲಿಂದ ಬಂತೋ ಅಲ್ಲಿಗೇ ಹೋಯ್ತು."

ಇಬ್ಬರೂ ಒಂದಿಷ್ಟು ನಕ್ಕರು. ಬಳಿಕ ಒನ್ನೊ ಕೇಳಿದ: "ಒಂದು ಹೇಳಿ. ಅವತ್ತು ಚೆಂಡಿಗೆ ಬಂದ್ರೋ, ಕಾಲಿಗೋ?"

ಸುಳ್ಳು ಹೇಳುವುದು ಕಷ್ಟವಿರಲಿಲ್ಲ. ವಿನ್‌ಫ್ರೀಡ್ ನಿಜವನ್ನೇ ಹೇಳಿದ:

"ಚೆಂಡು ಸಿಗಲ್ಲ ಅಂತ ಗೊತ್ತಿತ್ತು. ಆದ್ರೂ ಬಂದೆ."

"ಅಮ್ಮ ಹಾಗೇ ಅಂತಿದ್ರು. ನಾನೇ ಇಷ್ಟು ವರ್ಷ ಇಲ್ಲ ಅಂತ ಜಗಳ ಆಡ್ತಿದ್ದೆ."

ಒನ್ನೊ ಬೇಲಿಯವರೆಗೆ ಒಬ್ಬನೇ ನಡೆದುಹೋದ. ವಿನ್‌ಫ್ರೀಡ್ ಹಿಂದೆ ಹೋಗಲಿಲ್ಲ. ತಿರುಗಿ ಬಂದಾಗ ಒನ್ನೊನ ಮುಖ ಬಿಗಿದಿತ್ತು, ದನಿ ಮಾತ್ರ ಸಾದಾ ಆಗಿತ್ತು.

"ನಮ್ಮ ತಂಡದ ಮೈಕೆ ಎಡಗಡೆ ಆಡ್ತಾಳೆ, ಯಾವಾಗ್ಲೂ ತಡವಾಗಿ ಜಾರ್ತಾಳೆ. ನಂಗೆ ಹೇಳ್ಕೊಡೋಕೆ ಬರಲ್ಲ. ಪಂದ್ಯಕ್ಕೆ ಇನ್ನೂ ಅರ್ಧ ಗಂಟೆ ಇದೆ."

ವಿನ್‌ಫ್ರೀಡ್ ಮಂಡಿಯೂರಿ ಕುಳಿತು ಆ ಹುಡುಗಿಗೆ ದೂರ ಅಳೆಯುವುದನ್ನು ತೋರಿಸಿದ. "ಚೆಂಡು ಇಲ್ಲೀವರೆಗಿದ್ರೆ ಜಾರು. ಇಲ್ಲಿಂದಾಚೆ ಇದ್ರೆ ಹೋಗ್ಲಿ ಬಿಡವ್ವಾ, ಜಾರ್ಬೇಡ, ಹಿಂದೆ ಓಡು."

ಮೈಕೆ ಪಂದ್ಯದಲ್ಲಿ ಎದುರಾಳಿಯೊಬ್ಬಳನ್ನು ಹಾಗೇ ದಾಟಿಹೋಗಲು ಬಿಟ್ಟಳು. ಗೋಲಾಯಿತು. ತಂಡ ಸೋತಿತು. ಒನ್ನೊ ಬಯ್ಯಲಿಲ್ಲ. ಹೊರಡುವಾಗ ವಿನ್‌ಫ್ರೀಡ್‌ನ ಕೈ ಕುಲುಕಿ, "ಮುಂದಿನ ಜೂನ್‌ನಲ್ಲಿ ನೀವೇ ನಮ್ಮೂರಿಗೆ ಬನ್ನಿ, ಎರಡು ದಿನ ಇದ್ದು ಹೇಳ್ಕೊಡಿ," ಎಂದ. ವಿನ್‌ಫ್ರೀಡ್ ಹೋದ. ಆಮೇಲೆ ಮಂಡಿ ಕೈಕೊಡುವವರೆಗೂ ಪ್ರತಿ ವರ್ಷ ಹೋಗುತ್ತಿದ್ದ.